ಟವೆಲ್ಲಿನ ಕೆಳಗೆ ಕಿರ್ಗಿಸ್ತಾನ

ಕಿರ್ಗಿಸ್ತಾನಕ್ಕೆ ಎರಡನೇ ಸಲ ಹೋಗುವ ಯೋಜನೆ ಹಾಕುವುದಕ್ಕೆ ನನಗೆ ಇದುವರೆಗೆ ತಗುಲಿದ ಖರ್ಚು ಒಂದು ಟವೆಲ್ಲು. ಹಳೆಯದೇ ನಿಜ, ಆದರೆ ಹಳೆಯದು ಅಂದ ಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಹೆಗಲ ಮೇಲೆ ಕೂತು ಕೂತು ನನ್ನ ಹೆಗಲಿನ ಆಕಾರಕ್ಕೇ ಬಂದಿದ್ದ, ಒಗೆದು ಒಗೆದು ಕರುವಿನ ಕಿವಿಯಷ್ಟು ಮೆತ್ತಗಾಗಿದ್ದ ಟವೆಲ್ಲು. ವಿಮಾನದ ಟಿಕೆಟ್ಟು, ವೀಸಾ, ಅವೆಲ್ಲ ಬೇರೆ ವಿಚಾರ. ಅವುಗಳಲ್ಲಿ ಜಗ್ಗಾಡಿ ಎಷ್ಟು ಇಳಿಸಬೇಕೋ ಅಷ್ಟು ಇಳಿಸುತ್ತಿದ್ದೇನೆ. ಟವೆಲ್ಲಿನ ವ್ಯಾಪಾರದಲ್ಲಿ ಮಾತ್ರ ಒಂದು ಎಳೆಯನ್ನೂ ಉಳಿಸಿಕೊಳ್ಳಲಾಗಲಿಲ್ಲ. ಯಾಕೆ ಅನ್ನುವುದನ್ನು ಹೇಳಿಬಿಟ್ಟರೆ ನಿಮಗೂ ಉಪಯೋಗವಾದೀತು.

ನನ್ನದು ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ. ಹಾಲಿನ ಕ್ಯಾನು, ಹಗ್ಗ, ಮೂಗುದಾರ, ಹಸುವಿನ ಕೊರಳ ಗಂಟೆ ಇವು ಮಾಲು. ಒಂದು ಕಾಲದಲ್ಲಿ ಇದನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಬಂಗಾರಪೇಟೆ ಸುತ್ತಲಿನ ದನದ ಸಂತೆಗಳಲ್ಲಿ ಮಾರುತ್ತಿದ್ದೆ. ನನಗೆ ಬಂದ ವಿದ್ಯೆಯೆಲ್ಲ ಆ ಸಂತೆಗಳದ್ದು. ಅಲ್ಲಿ ದಲ್ಲಾಳಿಗಳು ಬಾಯಲ್ಲಿ ಬೆಲೆ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಕೈ ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಬೆರಳು ಮಡಿಸಿದರೆ ಒಪ್ಪಿಗೆಯಿಲ್ಲ. ಇಡೀ ಮುಷ್ಟಿಯನ್ನು ಮುಚ್ಚಿ ಹಿಡಿದರೆ, ಬಿಡಿಯಾಗಿ ಬೇಡ, ಮಂದೆ ಪೂರ್ತಿ ನನಗೇ ಬೇಕು ಎಂದರ್ಥ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಈ ವಿದ್ಯೆಯಲ್ಲಿ ನನಗೆ ಗುರು ಒಬ್ಬ ದಲ್ಲಾಳಿ. ಮುಂದೆ ಅವರೇ ನನಗೆ ಹೆಣ್ಣು ಕೊಟ್ಟು ಮಾವನಾದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಕಲಿಸುವಾಗ, ಆಗಲೇ ನನ್ನನ್ನು ಅಳಿಯ ಅಂತ ಕರೆಯುತ್ತ, ಒಂದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು: "ಮೊಕಂ ಚೂಡೊದ್ದು ಅಲ್ಲುಡಾ. ಮೊಕ ನೋಡ್ದೋನ್ ಸೋತ." ಕೈ ಟವೆಲ್ಲಿನ ಕೆಳಗಿರುವಾಗ ಕಣ್ಣು ಆಕಾಶದಲ್ಲೋ ಹುಣಸೆಮರದಲ್ಲೋ ಇರಬೇಕು, ಎದುರಿನವರ ಮುಖ ನೋಡಿದರೆ ಮನಸ್ಸು ಕರಗುತ್ತದೆ, ಬೆಲೆ ಜಾರುತ್ತದೆ.

ಇಂಥವನು ಕಿರ್ಗಿಸ್ತಾನಕ್ಕೆ ಯಾಕೆ ಹೋದ ಅಂತ ನೀವು ಕೇಳುವುದು ನ್ಯಾಯವೇ. ಚಾಂಪಿಯನ್ ರೀಫ್ಸಿನ ಸೆಲ್ವರಾಜ, ಗಣಿ ಕೆಲಸದವರ ಮಗ, ನನ್ನ ಅಂಗಡಿಯ ಪಕ್ಕದಲ್ಲೇ ಟ್ರಾವೆಲ್ಸ್ ಇಟ್ಟುಕೊಂಡಿದ್ದಾನೆ. ಕಳೆದ ವರ್ಷ, ಮಳಿಗೆಗೆ ಗಿರಾಕಿ ಬಾರದ ಆಷಾಢದಲ್ಲಿ ಹೆಂಡತಿಯೂ ನಾನೂ ಎಲ್ಲಿಗಾದರೂ ಹೋಗಿಬರುತ್ತೇವೆ ಅಂದಾಗ ಅವನು ಸಿಂಗಪುರ, ಮಲೇಷ್ಯಾ, ದುಬೈ ಅಂತ ಶುರು ಮಾಡಿದ. ಜನ ಮುಗಿಬೀಳುವ ಅಂಗಡಿಯಲ್ಲಿ ನಾನು ಯಾವತ್ತೂ ವ್ಯಾಪಾರ ಮಾಡಿದವನಲ್ಲ. ಗಿರಾಕಿ ಇಲ್ಲದೆ ನೊಣ ಓಡಿಸುತ್ತ ಕೂತಿರುವವನ ಹತ್ತಿರ ಹೋದರೆ ಅವನು ಸ್ಟೂಲು ಹಾಕುತ್ತಾನೆ, ಟೀ ತರಿಸುತ್ತಾನೆ, ಬೆಲೆಯನ್ನೂ ಇಳಿಸುತ್ತಾನೆ. ದೇಶಕ್ಕೂ ಇದೇ ಲೆಕ್ಕ ಅಂದುಕೊಂಡು, ನಮ್ಮ ಕಡೆಯವರು ಯಾರೂ ಹೋಗದ ದೇಶ ಯಾವುದಪ್ಪಾ ಅಂತ ಕೇಳಿದೆ. ಡಾಕ್ಟರ್ ಓದುವ ಹುಡುಗರು ಬಿಟ್ಟರೆ ಇಲ್ಲಿಗೆ ಯಾರೂ ಹೋಗುವುದಿಲ್ಲ ಅಂತ ಅವನು ಗೋಳದ ಮೇಲೆ ಬೆರಳಿಟ್ಟ. ಅವನ ಬೆರಳೇ ಆ ದೇಶಕ್ಕಿಂತ ದೊಡ್ಡದಾಗಿತ್ತು.

ನನ್ನ ಲೆಕ್ಕ ತಪ್ಪಾಗಲಿಲ್ಲ. ಆ ದೇಶ ನಿಜವಾಗಲೂ ಸ್ಟೂಲು ಹಾಕಿ ಟೀ ಕೊಟ್ಟಿತು. ಅಲ್ಲೊಂದು ಸರೋವರ ಇದೆ. ಹೇಗೆ ಹೇಳಲಿ, ನಮ್ಮ ಬಂಗಾರಪೇಟೆ ಪಾನಿಪುರಿಯ ನೀರು ಹೇಗೆ ಬಣ್ಣವೇ ಇಲ್ಲದೆ ಗಾಜಿನ ಹಾಗೆ ಇರುತ್ತದೋ ಹಾಗಿದೆ, ಖಾರ ಮಾತ್ರ ಇಲ್ಲ. ಆಚೆ ದಡದಲ್ಲಿ ಬೆಟ್ಟಗಳು, ಅವುಗಳ ತಲೆಯ ಮೇಲೆ ಹಿಮ. ಬೆಳಿಗ್ಗೆ ನೋಡಿದರೆ ಬೆಟ್ಟ ನೀರಿನಲ್ಲಿದೆಯೋ ನೀರು ಬೆಟ್ಟದಲ್ಲಿದೆಯೋ ತಿಳಿಯುವುದಿಲ್ಲ. ನಾನು ಎಲ್ಲದಕ್ಕೂ ಬೆಲೆ ಕಟ್ಟುವವನು, ಅದರ ಮುಂದೆ ಕೂತು ಇದಕ್ಕೆ ಎಷ್ಟು ಕೇಳಬಹುದು ಅಂತ ಯೋಚಿಸುತ್ತ ಯೋಚಿಸುತ್ತ ಯೋಚನೆಯನ್ನೇ ಮರೆತುಬಿಟ್ಟಿದ್ದೆ.

ಸರೋವರದ ತುದಿಯ ಊರಿನಲ್ಲಿ ದನ, ಕುರಿ, ಕುದುರೆಗಳ ಸಂತೆ ಸೇರುತ್ತದೆ ಅಂತ ತಿಳಿದಾಗ ಮಾತ್ರ ಎಚ್ಚರವಾಯಿತು. ಅಲ್ಲಿಯವರ ವ್ಯಾಪಾರ ಬಯಲಾಟ. ಕೈ ಕುಲುಕುತ್ತಾ ಕುಲುಕುತ್ತಾ ಎಲ್ಲರ ಎದುರಿಗೇ ಕೂಗಿ ಬೆಲೆ ಹೇಳುತ್ತಾರೆ. ನಡುವೆ ಒಬ್ಬ ನಿಂತು ಬಿಟ್ಟುಹೋದ ಕೈಗಳನ್ನು ಮತ್ತೆ ಹಿಡಿಸುತ್ತಾನೆ. ನನಗೆ ಪಾಪ ಅನ್ನಿಸಿತು. ಇವರಿಗೆ ನಮ್ಮ ಗುಟ್ಟಿನ ಪದ್ಧತಿ ತೋರಿಸಿಕೊಡೋಣ ಅಂತ, ಬಿಳಿ ಟೋಪಿಯ ಒಬ್ಬ ಮುದುಕನ ಕೈ ಹಿಡಿದು ಟವೆಲ್ಲು ಹೊದಿಸಿ, ಕಣ್ಣನ್ನು ಆಕಾಶಕ್ಕೆ ನೆಟ್ಟು ಬೆರಳು ಒತ್ತಿದೆ. ಮುದುಕ ಬಾಯಿ ಅಗಲಿಸಿ ನಾಲಿಗೆ ಚಾಚಿದ. ಭಾರತದಿಂದ ಬಂದವರೆಲ್ಲ ಡಾಕ್ಟರುಗಳೇ ಅಂತ ಅವರ ನಂಬಿಕೆ, ನಾನು ನಾಡಿ ಹಿಡಿದಿದ್ದೇನೆ ಅಂದುಕೊಂಡಿದ್ದ. ಕಣ್ಣು ಕೆಳಗಿಳಿಸಿ ನೋಡಿದರೆ ಅವನ ಹಿಂದೆ ಸಾಲು ನಿಂತಿತ್ತು, ತೋಳು ಮಡಿಚಿಕೊಂಡು. ನಾನೂ ಬಂದ ಗಿರಾಕಿಯನ್ನು ಹಿಂದೆ ಕಳಿಸುವವನಲ್ಲ. ಎಲ್ಲರಿಗೂ ಬಿಸಿನೀರು ಕುಡಿಯಲು ಕೈಸನ್ನೆ ಮಾಡಿ ಬಂದೆ.

ಇಷ್ಟು ಹೊತ್ತು ನನ್ನ ಹೆಂಡತಿ ರತ್ನಮ್ಮ ಎಲ್ಲಿದ್ದಳು? ನಾವು ಇಳಿದುಕೊಂಡಿದ್ದ ಮನೆಯಲ್ಲಿ, ಮನೆಯೊಡತಿ ಐಗುಲ್ ಜೊತೆ. ಐಗುಲ್ ಹತ್ತಿರ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಇತ್ತು. ಅಲ್ಲಿ ಕುದುರೆಯ ಹಾಲು ಕರೆದು, ಹುಳಿ ಬರಿಸಿ ಕುಡಿಯುತ್ತಾರೆ. ಹಳೇ ಮಜ್ಜಿಗೆಗೆ ಯಾರೋ ಹೊಗೆ ಹಾಕಿದ ಹಾಗಿರುತ್ತದೆ, ನಾನು ಒಂದು ಬಟ್ಟಲು ಕುಡಿದು ಮರ್ಯಾದೆ ಉಳಿಸಿಕೊಂಡೆ. ಮರಿಯನ್ನು ಪಕ್ಕದಲ್ಲಿ ಕಟ್ಟಿ, ಒಂದು ಮಂಡಿಯೂರಿ ಐಗುಲ್ ಹಾಲು ಕರೆಯುವುದನ್ನು ನೋಡಿ ರತ್ನಮ್ಮ ತಾನೂ ಸೆರಗು ಸಿಕ್ಕಿಸಿಕೊಂಡು ಕೂತುಬಿಟ್ಟಳಂತೆ. ನಾನು ಸಂತೆಯಿಂದ ಬರುವಷ್ಟರಲ್ಲಿ ಕುದುರೆ ಅವಳ ಭುಜದ ಮೇಲೆ ಗದ್ದ ಇಟ್ಟು ನಿಂತಿತ್ತು. ಇವಳು ಕನ್ನಡ ತೆಲುಗು ಬೆರೆಸಿ ಮಾತಾಡುತ್ತಿದ್ದಳು, ಐಗುಲ್ ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಎಲ್ಲಾ ತಿಳಿಯುತ್ತಿತ್ತು. ಹೊರಡುವ ದಿನ, ಕುದುರೆ ಮತ್ತೆ ಗಬ್ಬವಾಗಿದೆ, ಮುಂದಿನ ವಸಂತದಲ್ಲಿ ಈಯುತ್ತದೆ ಅಂತ ಐಗುಲ್ ಹೇಳಿದಳು. ರತ್ನಮ್ಮ ಅವಳ ಕೈ ಹಿಡಿದುಕೊಂಡು, ನನ್ನನ್ನು ಒಂದು ಮಾತೂ ಕೇಳದೆ, "ಈಯೋ ಒತ್ಗೆ ನಾನ್ ಬತ್ತೀನಿ ಕಣಕ್ಕಾ. ಬಾಣ್ತನ ನಾನೇ ಮಾಡ್ತೀನಿ" ಅಂದುಬಿಟ್ಟಳು.

ನಾನು ಇದನ್ನು ಬೀಳ್ಕೊಡುಗೆಯ ಮಾತು ಅಂದುಕೊಂಡಿದ್ದೆ. ಆದರೆ ಕೋರಮಂಡಲ್ ಗಣಿ ಕಡೆಯ ನಮ್ಮ ಮನೆಗೆ ಬಂದ ಮೇಲೆ ಐಗುಲ್ ಫೋನಿಗೆ ಕಳಿಸುತ್ತಿದ್ದದ್ದು ಮಾತಲ್ಲ, ಕುದುರೆಯ ಉಸಿರಾಟ. ರತ್ನಮ್ಮ ಕೊಟ್ಟಿಗೆಯಲ್ಲಿ ಕೂತು ಅದನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದಳು, ಉತ್ತರವಾಗಿ ನಮ್ಮ ಹಸು ಮೆಲುಕು ಹಾಕುವ ಸದ್ದು ಕಳಿಸುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಚೀಲದಲ್ಲಿ ರಾಗಿ ಹಿಟ್ಟು, ಮೆಂತ್ಯ, ಬೆಲ್ಲ ಕಟ್ಟಿಡಲು ಶುರು ಮಾಡಿದಳು. ಇದ್ಯಾರಿಗೆ ಅಂದರೆ, ಬಾಣಂತಿಗೆ ಅಂದಳು.

ಹಾಗೆ ಎರಡನೇ ಪ್ರಯಾಣದ ಯೋಜನೆ ಶುರುವಾಯಿತು. ನನ್ನ ಸ್ವಭಾವ ಗೊತ್ತಲ್ಲ, ಅಷ್ಟು ದೂರ ಹೋದ ಮೇಲೆ ಒಂದೇ ಮನೆಯಲ್ಲಿ ಕೂತು ಬರುವುದು ಸಂತೆಗೆ ಹೋಗಿ ಒಂದು ಹಗ್ಗ ತಂದ ಹಾಗೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಕ್ಷೆ ಹರಡಿಕೊಂಡು ಕೂತೆನೆಂದರೆ ರಾಬರ್ಟ್‌ಸನ್‌ಪೇಟೆಯ ಆಟೋಗಳ ಸದ್ದು ಮೆಲ್ಲಗೆ ದೂರವಾಗುತ್ತಿತ್ತು. ದಕ್ಷಿಣದ ಅಕ್ರೋಟು ಕಾಡು, ಬಿಸಿನೀರಿನ ಬುಗ್ಗೆ, ಒಂಟಿ ಗೋಪುರ, ಮೋಡಕ್ಕಿಂತ ಮೇಲಿರುವ ಇನ್ನೊಂದು ಸರೋವರ, ಎಲ್ಲವನ್ನೂ ಹಗ್ಗದಲ್ಲಿ ಗಂಟೆ ಪೋಣಿಸಿದ ಹಾಗೆ ಪೋಣಿಸುತ್ತಿದ್ದೆ. ಯಾರೋ ಬಂದು ಮೂಗುದಾರ ಕೇಳಿದರೆ ಕಣಿವೆಯಿಂದ ಇಳಿದು ಬಂದು ಕೊಡಬೇಕಾಗುತ್ತಿತ್ತು. ಬಂಗಾರಪೇಟೆಗೆ ಮಾಲು ತರಲು ಹೋದರೆ ರೈಲಿನ ಕಿಟಕಿಯಲ್ಲಿ ಕುದುರೆಗಳು. ಸಂಜೆ ಮನೆಗೆ ಬಂದರೆ ಅಂಗಳದೆದುರಿನ ಸೈನೈಡ್ ದಿಬ್ಬ. ಗಣಿಯಿಂದ ಬಂದ ಕಲ್ಲನ್ನು ಅರೆದು ಚಿನ್ನ ತೆಗೆದು ಸುರಿದ ಪುಡಿಯ ಗುಡ್ಡ ಅದು, ಹುಟ್ಟಿದಾಗಿನಿಂದ ನೋಡಿದ್ದೇ. ಬಿಸಿಲು ಇಳಿಯುವಾಗ ಅದರ ನೆತ್ತಿ ಬೆಳ್ಳಗೆ, ಆಮೇಲೆ ನಸುಗೆಂಪಗೆ ಆಗಿ, ಗಾಳಿಗೆ ಪುಡಿ ಏಳುವಾಗ ಹಿಮವೇ ಹಾರುತ್ತಿದೆ ಅನ್ನಿಸುತ್ತಿತ್ತು. ಅದರ ಕೆಳಗೆ ಒಂದು ಸರೋವರ ಇದ್ದಿದ್ದರೆ ನಾನು ವಿಮಾನ ಹತ್ತುವ ಅಗತ್ಯವೇ ಇರುತ್ತಿರಲಿಲ್ಲ.

ತೊಡಕು ಬಂದದ್ದು ಕುದುರೆಯಿಂದ. ನನ್ನ ಯೋಜನೆಯಲ್ಲಿ ಅದರ ಹೆರಿಗೆಗೆ ನಡುವೆ ಒಂದು ದಿನ ಇಟ್ಟಿದ್ದೆ, ಅದರ ಮಾರನೆಯ ಬೆಳಿಗ್ಗೆ ಅಕ್ರೋಟು ಕಾಡು. ರತ್ನಮ್ಮ ಕೇಳಿಸಿಕೊಂಡು, "ಕುದ್ರೆ ಏನ್ ರೈಲಾ, ಇಷ್ಟೊತ್ಗೆ ಬಾ ಅಂದ್ರೆ ಬರಕ್ಕೆ? ಅದಕ್ಕೆ ನೋವ್ ಬಂದಾಗ ನೀನ್ ಅಕ್ರೋಟ್ ಎಣಿಸ್ಕೊಂಡ್ ಕುಂತಿರ್ತೀಯ" ಅಂದಳು. ಹೋಗುವುದಾದರೆ ಅಲ್ಲೇ ಇರುವುದಕ್ಕೆ, ಇಲ್ಲವಾದರೆ ತಾನು ಬರುವುದೇ ಇಲ್ಲ ಅಂತಲೂ ಸೇರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗ್ಗಾಡಬಹುದಿತ್ತು. ಸೆಲ್ವರಾಜನನ್ನು ಕೇಳಿದೆ, ವಾಪಸು ಬರುವ ದಿನವನ್ನು ಸಡಿಲವಾಗಿ ಬಿಡಬಹುದೇ ಅಂತ. ಅವನು ನನ್ನನ್ನೇ ನೋಡಿ, ತನ್ನ ತಮಿಳು ಬೆರೆಸಿ, "ಎನ್ನಣ್ಣಾ ಇದು? ಕುದ್ರೆ ಹೆರಿಗೆ ಅಂತ ವೀಸಾದೋರ್ಗೆ ಹೆಂಗಣ್ಣಾ ಹೇಳ್ಲಿ? ಹೋದ್ಸಲ ನೀನು ಡಾಕ್ಟ್ರು, ಈ ಸಲ ಅಕ್ಕ ನರ್ಸಾ?" ಅಂದ. ಹದಿನೈದು ದಿನಕ್ಕಿಂತ ಹೆಚ್ಚು ಆಗುವುದಿಲ್ಲ ಅಂತ ಕೈಚೆಲ್ಲಿದ. ಅಂದರೆ ನನ್ನ ಎಲ್ಲ ಊರುಗಳೂ ಅವಳ ಒಂದು ಕುದುರೆಯೂ ಅಷ್ಟರಲ್ಲೇ ಹಿಡಿಯಬೇಕು.

ಭಾನುವಾರ ಸಂಜೆ ಅಂಗಳದಲ್ಲಿ ಮಾತು ತೆಗೆದೆ. ಅರ್ಧ ನಿನಗೆ, ಅರ್ಧ ನನಗೆ ಅನ್ನುವ ತನಕ ಇಳಿದು ಬರುವ ಮನಸ್ಸು ನನಗಿತ್ತು; ಆದರೆ ಅದನ್ನು ಮೊದಲೇ ಹೇಳಿದರೆ ನಾನು ವ್ಯಾಪಾರಿಯೇ ಅಲ್ಲ. ಅವಳು ಹಾಲಿನ ಪಾತ್ರೆ ಕೆಳಗಿಟ್ಟು, ನನ್ನ ಹೆಗಲಿನಿಂದ ಟವೆಲ್ಲು ಎಳೆದುಕೊಂಡು, ಇಬ್ಬರ ಕೈಯ ಮೇಲೂ ಹೊದಿಸಿದಳು. "ನಮ್ಮಪ್ಪನ್ ಮಗಳು ನಾನು. ಇಡಿ ಕೈಯ" ಅಂದಳು.

ನನಗೆ ನಗು ಬಂತು. ಹೆಂಗಸರು ಟವೆಲ್ಲು ಹಿಡಿದದ್ದನ್ನು ನಾನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಒಂದು ಬೆರಳಿಗೆ ಕುದುರೆಯ ಹತ್ತಿರ ಒಂದು ದಿನ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ದಿಬ್ಬದ ಮೇಲೆ ಕಣ್ಣಿಟ್ಟು, ಅವಳ ಎರಡು ಬೆರಳು ಹಿಡಿದೆ. ಅವಳು ಅವನ್ನು ಮೆಲ್ಲಗೆ ಮಡಿಸಿದಳು. ಮೂರು ಹಿಡಿದೆ. ಮಡಿಸಿದಳು. ನಾಲ್ಕು ಹಿಡಿದಾಗ ಮಡಿಸದೆ ಹಾಗೇ ಬಿಟ್ಟಳು. ಹಾಲು ಕರೆದ ಕೈ, ಬೆಚ್ಚಗಿತ್ತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ನನ್ನ ಮುಷ್ಟಿಯ ಸುತ್ತ ಅವಳ ಎರಡೂ ಕೈ ಬಂದು ಮುಚ್ಚಿಕೊಂಡವು. ಮಂದೆ ಪೂರ್ತಿ, ಹದಿನೈದು ದಿನವೂ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಮುಖ ನೋಡಿದೆ.

ಅವಳ ಕಣ್ಣು ನಿಯಮದ ಪ್ರಕಾರ ದಿಬ್ಬದ ಮೇಲೇ ಇತ್ತು. ಆದರೆ ಅವಳು ನೋಡುತ್ತಿದ್ದದ್ದು ದಿಬ್ಬವನ್ನಲ್ಲ. ಕೆಂಪಾಗುತ್ತಿದ್ದ ಅದರ ನೆತ್ತಿಯ ಕೆಳಗೆ, ನನಗೆ ಕಾಣದಿದ್ದ ಸರೋವರ ಅವಳಿಗೆ ಕಾಣುತ್ತಿತ್ತು. ದಡದಲ್ಲಿ ಕಂದು ಕುದುರೆ ತುಂಬು ಹೊಟ್ಟೆ ಹೊತ್ತು ನಿಂತಿತ್ತು, ದಾರಿ ನೋಡುತ್ತ. ನಾನು ಇಷ್ಟು ತಿಂಗಳು ನಕ್ಷೆ ಹರಡಿಕೊಂಡು ಹೋಗಲು ಪಾಡುಪಡುತ್ತಿದ್ದ ಜಾಗಕ್ಕೆ ಅವಳು ಆಗಲೇ ಹೋಗಿ ಕೂತಿದ್ದಳು. ನನ್ನ ಬೆರಳುಗಳು ತಾವಾಗಿಯೇ ಸಡಿಲವಾದವು.

"ಸೋತಾ ಮಾವನ ಅಳಿಯ" ಅಂದಳು, ನನ್ನ ಕಡೆ ತಿರುಗದೆಯೇ. ಆಮೇಲೆ ಟವೆಲ್ಲನ್ನು ಕೊಡವಿ, ಕೆನ್ನೆಗೆ ಒತ್ತಿ ನೋಡಿ, ನೀಟಾಗಿ ಮಡಿಸಿ ರಾಗಿ ಹಿಟ್ಟಿನ ಚೀಲಕ್ಕೆ ತುರುಕಿದಳು. ಅದು ನನ್ನದಲ್ಲವೇ ಅಂತ ಕೇಳಿದೆ. "ಉಟ್ಟಿದ್ ಮರೀನ ಒರ್ಸಕ್ಕೆ ಒಸ ಬಟ್ಟೆ ಆಗ್ತೈತಾ? ಚುಚ್ತೈತೆ. ಇದು ಮೆತ್ಗೈತೆ" ಅಂದಳು.

ಆದ್ದರಿಂದ ಓದುಗರೇ, ಎರಡನೇ ಸಲ ದೂರದೇಶಕ್ಕೆ ಹೊರಡುವವರು ನನ್ನ ಮಾತು ಕೇಳಿ. ದೇಶವನ್ನು ಗಿರಾಕಿ ಇಲ್ಲದ ಅಂಗಡಿ ನೋಡಿ ಆರಿಸಿ, ಅದರಲ್ಲಿ ಅನುಮಾನ ಬೇಡ. ಮೊದಲ ಸಲ ಊರುಗಳನ್ನು ಎಷ್ಟು ಬೇಕಾದರೂ ಪೋಣಿಸಿಕೊಳ್ಳಿ. ಎರಡನೇ ಸಲಕ್ಕೆ ಮಾತ್ರ, ಅಲ್ಲಿ ನಿಮ್ಮ ದಾರಿ ನೋಡುವವರು ಯಾರಾದರೂ ಇದ್ದಾರೆಯೇ ಅಂತ ಮೊದಲು ವಿಚಾರಿಸಿ. ಇದ್ದರೆ ನಕ್ಷೆಯನ್ನು ಮಡಿಚಿ ಅಂಗಡಿಯಲ್ಲೇ ಬಿಡಿ. ಟವೆಲ್ಲು ಹಳೆಯದನ್ನೇ ಒಯ್ಯಿರಿ. ಕೈ ಹಿಡಿಯುವ ಮುಂಚೆ ಎದುರಿನವರು ಯಾರ ಮಗಳು ಅಂತ ನೆನಪು ಮಾಡಿಕೊಳ್ಳಿ. ಇನ್ನೊಂದು, ಸೌದೆ ಒಲೆಯಲ್ಲಿ ನೀರು ಕಾಯಿಸುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ. ಬಾಣಂತನದ ಮನೆಯಲ್ಲಿ ಗಂಡಸರಿಗೆ ಸಿಗುವ ಕೆಲಸ ಅದೊಂದೇ ಅಂತೆ, ಡಾಕ್ಟರಾದವರಿಗೂ ರಿಯಾಯಿತಿ ಇಲ್ಲ.