ಟ್ರೈನ್ ಹಿಂದೆ ಓಡದ ಹೀರೋ

ಪ್ರೀತಿ ಕಥೆ ಅಂದ್ರೆ ನನಗೆ ಮೊದಲಿಂದಾನೂ ಅರ್ಥ ಆಗಲ್ಲ. ಹುಡುಗಂಗೆ ಹುಡುಗಿ ಇಷ್ಟ, ಹುಡುಗಿಗೆ ಹುಡುಗ ಇಷ್ಟ, ಇದು ಅವರಿಬ್ಬರಿಗೂ ಗೊತ್ತು, ಓದೋರಿಗೂ ಗೊತ್ತು. ಆಮೇಲೂ ಅಷ್ಟೊಂದು ಪೇಜ್ ಯಾಕೆ ಅಂತ? ಇಬ್ಬರನ್ನೂ ಒಂದು ಹೋಟ್ಲಲ್ಲಿ ಕೂರಿಸಿ, ಎರಡು ಮಸಾಲೆ ದೋಸೆ ಹೇಳಿ, ದೋಸೆ ಬರೋದ್ರೊಳಗೆ ಮಾತಾಡಿ ಮುಗಿಸ್ರಪ್ಪ ಅಂದ್ರೆ ಆಯ್ತು. ಹ್ಯಾಪಿ ಎಂಡಿಂಗ್, ಜೊತೆಗೆ ಚಟ್ನಿ. ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು, ಶಿವಮೊಗ್ಗದಲ್ಲಿ ಬೈಕ್ ಗ್ಯಾರೇಜಲ್ಲಿ ಕೆಲಸ. ಅಲ್ಲಿಗೆ ಬರೋ ಗಿರಾಕಿಗಳೂ ಹಿಂಗೇ. ‘ಏನಾಗಿದೆ ಸಾರ್’ ಅಂದ್ರೆ ಗಾಡಿ ತಗೊಂಡ ದಿನದಿಂದ ಶುರು ಮಾಡ್ತಾರೆ. ಪೂಜೆ ಮಾಡಿಸಿದ್ದು, ಭಾವಮೈದ ಓಡಿಸಿದ್ದು, ಅವನು ಬಿದ್ದಿದ್ದು, ಅವನ ಕಾಲಿಗೆ ಪಟ್ಟಿ ಹಾಕಿಸಿದ್ದು. ಕೊನೆಗೆ ನೋಡಿದ್ರೆ ಪ್ಲಗ್ ಒರೆಸಿ ಹಾಕಿದ್ರೆ ಮುಗೀತು. ಅಂಥಾ ನನಗೆ ದೇವರು ಬೇಕು ಅಂತಲೇ ಪ್ರೀತಿ ಕಥೆ ಬರೆಯೋ ಹುಡುಗೀನ ತೋರಿಸ್ದ.

ಅಮ್ಮ ನನ್ನ ಭದ್ರಾವತಿ ನ್ಯೂಟೌನಿಗೆ ಹೆಣ್ಣು ನೋಡೋಕೆ ಅಂತ ಕರ್ಕೊಂಡು ಹೋದ್ಲು. ಹುಡುಗಿ ಹೆಸರು ಲೀಲಾ, ಮೆಡಿಕಲ್ ಶಾಪಲ್ಲಿ ಕೆಲಸ. ಉಪ್ಪಿಟ್ಟು ಕೇಸರಿಬಾತು ಆದ್ಮೇಲೆ ದೊಡ್ಡೋರು ‘ಇಬ್ರೂ ಮಾತಾಡ್ಕೊಳ್ಳಿ’ ಅಂತ ತಾರಸಿಗೆ ಕಳಿಸಿದ್ರು. ಅಲ್ಲಿ ಸಂಡಿಗೆ ಒಣಗಾಕಿದ್ರು. ಕಾಗೆ ಓಡಿಸೋ ಕೆಲಸಾನೂ ನಮ್ಮಿಬ್ಬರ ತಲೆಗೇ ಬಿತ್ತು.

“ನಿಮಗೆ ಓದೋ ಅಭ್ಯಾಸ ಇದ್ಯಾ?” ಅಂದ್ಲು.

“ಇದೆ. ಬಸ್ ಬೋರ್ಡು.”

“ನಾನು ಕಥೆ ಬರೀತೀನಿ. ಫೋನಲ್ಲಿ ಒಂದು ಆಪ್ ಇದೆ, ಅದ್ರಲ್ಲಿ ವಾರಕ್ಕೊಂದು ಎಪಿಸೋಡು. ಲವ್ ಸ್ಟೋರಿ, ಹ್ಯಾಪಿ ಎಂಡಿಂಗು.”

“ಎಂಡಿಂಗ್ ಮೊದಲೇ ಹೇಳಿಬಿಟ್ರೆ ಯಾರ್ರೀ ಓದ್ತಾರೆ?”

ಅವಳು ಕಾಗೆ ನೋಡಿದಂಗೇ ನನ್ನ ನೋಡಿದ್ಲು. ಆಮೇಲೆ ಹೇಳಿದ್ಲು: “ಈ ಕಥೆ ಮುಗಿಯೋವರೆಗೂ ನಂಗೆ ಟೈಮ್ ಕೊಡಿ. ಅಲ್ಲೀವರೆಗೂ ನೀವು ಓದಿ, ಏನನ್ನಿಸ್ತೋ ಹೇಳಿ. ಚೆನ್ನಾಗಿದೆ ಚೆನ್ನಾಗಿದೆ ಅಂತ ಸುಳ್ಳು ಹೇಳೋರು ನಂಗೆ ಬೇಡ. ಕಥೆ ಮುಗಿದ ಮೇಲೆ ಹೂಂ, ಉಹೂಂ ಎರಡರಲ್ಲೊಂದು ಹೇಳ್ತೀನಿ.”

ಮದುವೆಗೆ ಜಾತಕ ಕೇಳೋರನ್ನ ನೋಡಿದೀನಿ, ಸೈಟ್ ಕೇಳೋರನ್ನ ನೋಡಿದೀನಿ. ಓದೋಕೆ ಹೋಂವರ್ಕ್ ಕೊಟ್ಟೋರನ್ನ ನೋಡಿರ್ಲಿಲ್ಲ. ಹೋಗಮ್ಮ ಅಂದು ಎದ್ದು ಬರಬಹುದಿತ್ತು. ಬರಲಿಲ್ಲ. ಯಾಕೆ ಅಂದ್ರೆ, ಅವಳು ಕಾಗೆಗೆ ಹುಶ್ ಅನ್ನೋವಾಗ ಒಂದು ಕೈ ಸೊಂಟದ ಮೇಲೆ ಇಟ್ಕೊಂಡಿದ್ಲು. ಅಷ್ಟೇ. ನಂಗೆ ಇಷ್ಟ ಆಗಿಬಿಟ್ಲು. ಇದನ್ನ ಯಾರಾದ್ರೂ ಕಥೆಯಲ್ಲಿ ಬರೆದಿದ್ರೆ ನಾನೇ ನಂಬ್ತಿರ್ಲಿಲ್ಲ.

ನಾನು ಓದಿದ್ರೆ ಒಂದು ಎಪಿಸೋಡಿಗೆ ಒಂದು ವಾರ ಬೇಕು. ಅದಕ್ಕೆ ಆಪ್‌ನಲ್ಲೇ ಒಂದು ಬಟನ್ ಇದೆ, ಒತ್ತಿದ್ರೆ ಒಂದು ಹೆಂಗಸಿನ ದನಿ ಓದಿ ಹೇಳುತ್ತೆ. ಆದ್ರೆ ಆಯಮ್ಮ ಓದೋದು ಹೆಂಗೆ ಅಂದ್ರೆ, ರೈಲ್ವೆ ಸ್ಟೇಷನಲ್ಲಿ ಗಾಡಿ ತಡವಾಗಿ ಬರಲಿದೆ ಅಂತ ಹೇಳ್ತಾಳಲ್ಲ, ಹಂಗೆ. ‘ಅವನ ಬಿಸಿಯುಸಿರು. ಅವಳ ಕೆನ್ನೆಗೆ. ತಾಗಿತು.’ ನಾನು ಚೈನ್ ಬಿಚ್ಚುತ್ತಾ ಕೂತಿರ್ತಿದ್ದೆ, ಎದುರಿಗೆ ಗಿರಾಕಿ ಹೆಲ್ಮೆಟ್ ಹಿಡ್ಕೊಂಡು ಬಾಯಿ ಬಿಟ್ಕೊಂಡು ನಿಂತಿರ್ತಿದ್ದ. ಗ್ಯಾರೇಜ್ ಓನರ್ ರಫೀಕ್ ಭಾಯ್ ಮೊದಲ ದಿನ ಬೈದ. ಎರಡನೇ ವಾರ “ಅರೇ ಮಂಜಾ, ಸೌಂಡ್ ಜಾಸ್ತಿ ಮಾಡೋ” ಅಂದ. ಮೂರನೇ ವಾರಕ್ಕೆ ಅವನೇ ನೆನಪಿಸೋಕೆ ಶುರು ಮಾಡ್ದ.

ಕಥೆ ಹೀರೋ ವಿಹಾನ್ ಅಂತ. ದೊಡ್ಡ ಎಸ್ಟೇಟ್ ಓನರು. ಎಸ್ಟೇಟಿಗೆ ಒಂದು ದಿನಾನೂ ಹೋಗಲ್ಲ. ಬಿಳಿ ಶರ್ಟ್ ಹಾಕ್ಕೊಂಡು ಹೀರೋಯಿನ್ ಎಲ್ಲಿ ಜಾರಿ ಬೀಳ್ತಾಳೋ ಅಲ್ಲಿ ಸರಿಯಾಗಿ ಬಂದು ನಿಂತಿರ್ತಾನೆ. ಅವನು ಪ್ರಪೋಸ್ ಮಾಡೋದು ತ್ಯಾವರೆಕೊಪ್ಪದ ಸಫಾರಿ ವ್ಯಾನಲ್ಲಿ, ಸಿಂಹದ ಎದುರಿಗೆ. ಸಿಂಹ ಘರ್ಜಿಸುತ್ತೆ, ಅವಳು ಹೆದರಿ ಅವನ ಎದೆಗೆ ಒರಗ್ತಾಳೆ. ಅವತ್ತು ಫೋನ್ ಮಾಡಿ ಅನ್ನಿಸಿದ್ದು ಹೇಳ್ದೆ.

“ನಾನು ನೋಡಿದಾಗೆಲ್ಲ ಸಿಂಹ ಮಲಗಿತ್ತು ಕಣ್ರೀ. ವ್ಯಾನ್ ತುಂಬ ಮಕ್ಕಳು, ಎಲ್ಲಾ ಕಿಟಕಿಗೆ ಮೂಗು ಒತ್ತಿರ್ತವೆ. ಒಂದು ಹುಡುಗ ವಾಂತಿ ಬರುತ್ತೆ ಅಂತಿರ್ತಾನೆ. ಅಲ್ಲಿ ಐ ಲವ್ ಯೂ ಅಂದ್ರೆ ಡ್ರೈವರಿಗೆ ಕೇಳುತ್ತೆ, ಅವಳಿಗೆ ಕೇಳಲ್ಲ.”

ಅವಳು ನಕ್ಕಳು. “ಹೌದಲ್ವಾ” ಅಂದ್ಲು. ನಂಗೆ ಕೊಂಬು ಬಂತು. ಆಮೇಲಿಂದ ನಾನು ಯಾವುದನ್ನೂ ಬಿಡಲಿಲ್ಲ. ಮಳೇಲಿ ಇಬ್ಬರೂ ನೆಂದ್ಕೊಂಡು ಕುಣಿದ್ರೆ ನೆಗಡಿ ಆಗುತ್ತೆ, ನೀವೇ ಮೆಡಿಕಲ್‌ನಲ್ಲಿ ಇದೀರಲ್ಲ ಅಂದೆ. ಸೀರೆ ಸೆರಗು ಬಿಟ್ಕೊಂಡು ಬೈಕ್ ಹಿಂದೆ ಕೂತ್ರೆ ಚಕ್ರಕ್ಕೆ ಸಿಗುತ್ತೆ, ಸೀರೆ ಗಾರ್ಡ್ ಅಂತ ಸುಮ್ನೆ ಇಟ್ಟಿದಾರಾ ಅಂದೆ. ಅವಳು ಎಲ್ಲಾ ಬದಲಾಯಿಸಿದ್ಲು. ಇನ್ನೂ ಒಂದು ವಿಚಿತ್ರ ಆಯ್ತು. ಇದ್ದಕ್ಕಿದ್ದಂಗೆ ಒಂದು ಎಪಿಸೋಡಲ್ಲಿ ವಿಹಾನ್ ಎಸ್ಟೇಟ್ ಕಳ್ಕೊಂಡ, ಬಂದು ಬೈಕ್ ಗ್ಯಾರೇಜ್ ಸೇರಿದ.

ರಫೀಕ್ ಭಾಯ್ ಸ್ಪ್ಯಾನರ್ ಕೆಳಗಿಟ್ಟ. “ಲೇ, ಇದು ನೀನೇ ಅಲ್ವೇನೋ?”

“ಅವನು ಆರಡಿ ಅಂತಿದೆ ಭಾಯ್.”

“ಕಥೆ ಅಲ್ವಾ, ಸ್ವಲ್ಪ ಎತ್ತರ ಹಾಕ್ತಾರೆ.”

ಅವತ್ತಿಂದ ನನ್ನ ತಲೆ ಕೆಡ್ತು. ಅವನು ನಾನಾದ್ರೆ, ಹೀರೋಯಿನ್ ಅವನ ಮೇಲೆ ಜೀವ ಇಟ್ಕೊಂಡಿದಾಳೆ ಅಂತ ಬರೆದಿರೋದು ನಿಜಾನಾ? ಅವನು ನಾನಲ್ಲ ಅಂದ್ರೆ, ನನ್ನಂಗೇ ಗ್ರೀಸ್ ಕೈ ಸೀಮೆಎಣ್ಣೇಲಿ ತೊಳೀತಾನೆ ಅಂತ ಬರೆಯೋಕೆ ಅವಳಿಗೆ ಹೆಂಗ್ ಗೊತ್ತಾಯ್ತು? ಕೇಳೋಣ ಅಂದ್ರೆ ಬಾಯಿ ಬರಲಿಲ್ಲ. ಸೀರೆ ಸೆರಗಿನ ಬಗ್ಗೆ ಅಷ್ಟು ಮಾತಾಡೋ ಬಾಯಿ, ಇದಕ್ಕೆ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಅವಳ ಓದುಗರು ಕಮ್ಮಿ ಆಗೋಕೆ ಶುರುವಾಯ್ತು. ‘ಮೇಡಂ, ಈಗ ಇಬ್ಬರೂ ಬರೀ ಟೈರ್ ಗಾಳಿ ಬಗ್ಗೆ ಮಾತಾಡ್ತಾರೆ, ರೊಮ್ಯಾನ್ಸ್ ಎಲ್ಲಿ?’ ಅಂತ ಯಾರೋ ಬರೆದ್ರಂತೆ. ಲೀಲಾ ಫೋನ್ ಮಾಡಿ ಬೈದ್ಲು. “ಇಂಜಿನ್ ಬಿಚ್ಚಿದಂಗೆ ನನ್ನ ಕಥೆ ಬಿಚ್ಚಿ ಹರಡಿಟ್ರಿ. ಈಗ ಜೋಡಿಸೋರ್ಯಾರು?”

ಸರಿ, ಬಿಚ್ಚೋದು ಬೇಡ ಅಂತ ಮುಂದಿನ ವಾರ “ತುಂಬಾ ಚೆನ್ನಾಗಿದೆ” ಅಂದೆ. “ಏನು ಚೆನ್ನಾಗಿದೆ?” ಅಂದ್ಲು. “ಎಲ್ಲಾ” ಅಂದೆ. “ಕೇಳಿದ್ರಾ ಇಲ್ವಾ ನಿಜ ಹೇಳಿ.” ಅವತ್ತು ಗ್ಯಾರೇಜಲ್ಲಿ ಕಂಪ್ರೆಸರ್ ಓಡ್ತಿತ್ತು, ಅರ್ಧ ಕೇಳಿರ್ಲಿಲ್ಲ. “ಅರ್ಧ” ಅಂದೆ. ಫೋನ್ ಇಟ್ಲು. ನಿಜ ಹೇಳಿದ್ರೆ ಕಥೆ ಹಾಳು, ಸುಳ್ಳು ಹೇಳಿದ್ರೆ ಸಂಬಂಧ ಹಾಳು. ನಾನೇನು ಹೇಳಬೇಕು ಅಂತ ಇವಳ ಆಸೆ? ಕಾರ್ಬೊರೇಟರ್‌ಗಾದ್ರೂ ಒಂದು ಸ್ಕ್ರೂ ಇರುತ್ತೆ, ಗಾಳಿ ಹೆಚ್ಚಾಯ್ತಾ ಪೆಟ್ರೋಲ್ ಹೆಚ್ಚಾಯ್ತಾ ಅಂತ ತಿರುಗಿಸಿ ತಿರುಗಿಸಿ ಸದ್ದು ಕೇಳಿ ನಿಲ್ಲಿಸಬಹುದು. ಇಲ್ಲಿ ಸ್ಕ್ರೂ ಎಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ.

ಕೊನೇ ಎಪಿಸೋಡಿಗೆ ಮುಂಚೆ ಅವಳೇ ಫೋನ್ ಮಾಡಿದ್ಲು. ಹೀರೋಯಿನ್ ಕೋಪ ಮಾಡ್ಕೊಂಡು ಭದ್ರಾವತೀಲಿ ಟ್ರೈನ್ ಹತ್ತಿ ಶಿವಮೊಗ್ಗಕ್ಕೆ ಹೊರಡ್ತಾಳೆ. ಹೀರೋ ಪ್ಲಾಟ್‌ಫಾರಂ ಮೇಲೆ ಟ್ರೈನ್ ಜೊತೆ ಓಡ್ತಾನೆ, ಕೈ ಚಾಚ್ತಾನೆ. “ಇದು ಇರ್ಲಾ, ಬೇಡ್ವಾ?” ಅಂದ್ಲು.

“ಓಡೋದು ಯಾಕ್ರೀ? ಶಿವಮೊಗ್ಗ ಏನು ದೆಹಲೀನಾ? ಹೊರಗೆ ಬೈಕ್ ಇದೆ. ಹೈವೇಲಿ ಆರಾಮಾಗಿ ಹೋಗಿ, ಸ್ಟೇಷನ್ ಮುಂದೆ ಒಂದು ಟೀ ಕುಡಿದು, ಅವಳು ಇಳಿಯೋ ಹೊತ್ತಿಗೆ ಎದುರಿಗೆ ನಿಂತ್ರೆ ಆಯ್ತು.”

“ಅಷ್ಟು ಸುಲಭಾನಾ?” ಅಂದ್ಲು.

“ಅಷ್ಟೇ ಸುಲಭ.”

ಮುಂದಿನ ಭಾನುವಾರ ಅವಳು ಶಿವಮೊಗ್ಗದಲ್ಲಿರೋ ಚಿಕ್ಕಮ್ಮನ ಮನೆಗೆ ಟ್ರೈನಲ್ಲಿ ಹೊರಟಿದ್ಲು. ನಮ್ಮನೇಲಿ ಅಮ್ಮ ತಿಂಗಳುಗಟ್ಟಲೆ ಕಾದು ಸುಸ್ತಾಗಿ, ಆ ಹುಡುಗಿ ಹೂಂ ಅನ್ನಲ್ಲ ಉಹೂಂ ಅನ್ನಲ್ಲ, ಹೊಳೆಹೊನ್ನೂರಲ್ಲಿ ಇನ್ನೊಂದು ಸಂಬಂಧ ಇದೆ ನೋಡೋಣ ಅಂತ ಶುರು ಮಾಡಿದ್ಲು. ಅದಕ್ಕೆ ನಾನೇ ಬೈಕಲ್ಲಿ ಭದ್ರಾವತಿ ಸ್ಟೇಷನಿಗೆ ಹೋದೆ, ಎದುರಿಗೇ ಕೇಳಿಬಿಡೋಣ ಅಂತ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸ್ಕೊಂಡಿದ್ದೆ. ಅವಳ ಮುಂದೆ ನಿಂತಾಗ ಬಂದಿದ್ದು ಇಷ್ಟು:

“ಕಥೆ ಬೇಗ ಮುಗಿಸ್ರೀ. ಅಮ್ಮ ಹೊಳೆಹೊನ್ನೂರಲ್ಲಿ ಬೇರೆ ಹುಡುಗಿ ನೋಡೋಕೆ ಹೋಗೋಣ ಅಂತಿದಾಳೆ.”

“ಹೌದಾ? ಹೋಗಿ ಬನ್ನಿ. ಅವರ ಮನೆ ಉಪ್ಪಿಟ್ಟು ಹೆಂಗಿತ್ತು ಅಂತ ಆಮೇಲೆ ಹೇಳಿ” ಅಂದು, ಬಂದ ಟ್ರೈನ್ ಹತ್ತಿಬಿಟ್ಲು. ಕಿಟಕಿ ಪಕ್ಕ ಕೂತು ಆ ಕಡೆ ಮುಖ ಮಾಡಿದ್ಲು. ಟ್ರೈನ್ ಅಲ್ಲಾಡ್ತು. ಆಗ ಒಂದ್ಸಲ ನನ್ನ ಕಡೆ ತಿರುಗಿದ್ಲು.

ನನ್ನ ಕಾಲು ಓಡು ಅಂತು, ನಿಜವಾಗ್ಲೂ. ಆದ್ರೆ ನಾನೇ ಹೇಳಿದ ಮಾತು ನೆನಪಾಯ್ತು. ಓಡೋದು ಯಾಕೆ? ತಿರುಗಿ ಆರಾಮಾಗಿ ನಡ್ಕೊಂಡು ಬೈಕ್ ಹತ್ರ ಹೋದೆ. ಹಿಂದಿನಿಂದ ನೋಡ್ದೋಳಿಗೆ ಅದು ಹೆಂಗೆ ಕಂಡಿರುತ್ತೆ ಅಂತ ಆಗ ಹೊಳೀಲಿಲ್ಲ.

ಊರಿನ ಬೈಕೆಲ್ಲ ರಿಪೇರಿ ಮಾಡೋ ನನ್ನ ಬೈಕಿಗೆ ಪೆಟ್ರೋಲ್ ಮೀಟರ್ ಕೆಟ್ಟು ಯಾವ ಕಾಲ ಆಯ್ತೋ. ರಿಸರ್ವಲ್ಲೇ ಓಡಿಸ್ತಿದ್ದೆ. ಮಾಚೇನಹಳ್ಳಿ ಹತ್ರ ಬರೋ ಹೊತ್ತಿಗೆ ಎರಡು ಸಲ ಕೆಮ್ಮಿ ನಿಂತೋಯ್ತು. ಮಲಗಿಸಿದೆ, ಎಬ್ಬಿಸಿದೆ, ಟ್ಯಾಂಕಿಗೆ ಬಾಯಿ ಇಟ್ಟು ಊದಿದೆ. ಆಮೇಲೆ ತಳ್ಳಿದೆ. ಟ್ರೈನ್ ಜೊತೆ ಓಡಿದ್ರೆ ಪ್ಲಾಟ್‌ಫಾರಂ ಉದ್ದ ಮಾತ್ರ ಓಡ್ಬೇಕಿತ್ತು. ಇಲ್ಲಿ ಹೈವೇ ಉದ್ದಕ್ಕೂ ಬೈಕ್ ಹಿಡ್ಕೊಂಡು ಓಡಿದ್ದಾಯ್ತು. ನಮ್ಮ ಗ್ಯಾರೇಜಿನ ಗಿರಾಕಿ ಒಬ್ಬ ಗಾಡಿ ನಿಲ್ಲಿಸಿ, ಹೊಟ್ಟೆ ಹಿಡ್ಕೊಂಡು ನಕ್ಕು, ಫೋಟೋ ಹೊಡ್ಕೊಂಡು, ಆಮೇಲೆ ನೀರಿನ ಬಾಟ್ಲೀಲಿ ಪೆಟ್ರೋಲ್ ತಂದ್ಕೊಟ್ಟ. ಊರೊಳಗೆ ಬರ್ತಾ ರಸ್ತೆ ಬದೀಲಿ ಎರಡು ಮೊಳ ಮಲ್ಲಿಗೆ ತಗೊಂಡೆ.

ಸ್ಟೇಷನಿಗೆ ಬಂದಾಗ ಟ್ರೈನ್ ಇಲ್ಲ, ಇಳಿದ ಜನಾನೂ ಇಲ್ಲ. ಮುಗೀತು, ಹೊಳೆಹೊನ್ನೂರೇ ಗತಿ ಅಂದ್ಕೊಂಡೆ. ನೋಡಿದ್ರೆ ಪ್ಲಾಟ್‌ಫಾರಂ ತುದೀಲಿ ಬೆಂಚ್ ಮೇಲೆ ಒಬ್ಳೇ ಕೂತಿದಾಳೆ, ಕಡ್ಲೆಕಾಯಿ ತಿಂತಾ. ಸಿಪ್ಪೆ ಗುಡ್ಡೆ ನೋಡಿದ್ರೆ ಎಷ್ಟೊತ್ತು ಕಾದಿದಾಳೆ ಅಂತ ಗೊತ್ತಾಗ್ತಿತ್ತು.

“ಟೀ ಕುಡಿದು ಬಂದ್ರಾ?” ಅಂದ್ಲು.

“ಪೆಟ್ರೋಲ್ ಖಾಲಿ ಆಯ್ತು.”

“ಮೆಕ್ಯಾನಿಕ್ ಬೈಕಲ್ಲಿ?”

“ಹೂಂ.”

“ಎಂಥ ಮಾರಾಯ್ರೇ ನೀವು!” ಅಂದು, ನನ್ನ ಮುಖ, ಬೆವರು, ಗ್ರೀಸು ಎಲ್ಲಾ ನೋಡಿದ್ಲು. ನಗಲಿಲ್ಲ. “ಹೊಳೆಹೊನ್ನೂರಿಗೆ ಯಾವಾಗ ಹೋಗ್ತೀರಾ?”

“ಹೋಗಲ್ಲ.”

“ಯಾಕೆ?”

ಇಲ್ಲಿ ವಿಹಾನ್ ಆಗಿದ್ರೆ ಒಂದು ಪೇಜ್ ಮಾತಾಡ್ತಿದ್ದ. ನಾನು “ಬೇರೆಯೋರು ಬೇಡ. ನೀವೇ ಬೇಕು” ಅಂದೆ. ಹೂವು ಕೊಟ್ಟೆ. ಮುಡ್ಕೊಂಡ್ಲು.

“ಇಷ್ಟು ಹೇಳೋಕೆ ಇಷ್ಟು ತಿಂಗಳಾ?” ಅಂದು ಸಿಪ್ಪೆ ಕೊಡವಿ ಎದ್ಲು. “ನಿಮ್ಮಮ್ಮಂಗೆ ಹೇಳಿ, ಹೂಂ ಅಂದ್ಲು ಅಂತ. ಈಗ ಚಿಕ್ಕಮ್ಮನ ಮನೆಗೆ ಬಿಡಿ. ಮೊದಲು ಪೆಟ್ರೋಲ್ ಹಾಕ್ಸಿ.”

ಆ ವಾರ ಕೊನೇ ಎಪಿಸೋಡ್ ಬಂತು. ಈ ಸಲ ಅವಳು ಒಂದಕ್ಷರ ಸುಳ್ಳು ಬರೀಲಿಲ್ಲ. ಪೆಟ್ರೋಲ್ ಖಾಲಿ, ಬೈಕ್ ತಳ್ಳಿದ್ದು, ಬಾಟ್ಲಿ, ಕಡ್ಲೆಕಾಯಿ ಸಿಪ್ಪೆ, ಎಲ್ಲಾ ನಡೆದ ಹಂಗೇ. ಸ್ಟೇಷನ್ ದನಿ ಆಯಮ್ಮ ಅದನ್ನ ಓದೋವಾಗ ರಫೀಕ್ ಭಾಯ್ ಕಣ್ಣು ಒರೆಸ್ಕೊಂಡ. ಆಮೇಲೆ ಕಾಮೆಂಟ್ ಓದಿದ ನೋಡಿ. ‘ಮೇಡಂ, ಇಷ್ಟು ದಿನ ಚೆನ್ನಾಗಿತ್ತು. ಕೊನೇಲಿ ನಂಬೋ ಹಂಗಿಲ್ಲ. ಮೆಕ್ಯಾನಿಕ್ ಬೈಕಲ್ಲಿ ಪೆಟ್ರೋಲ್ ಇಲ್ದೆ ಇರುತ್ತಾ? ಅವಳು ಅಷ್ಟೊತ್ತು ಕಾಯ್ತಾಳಾ? ಸ್ವಲ್ಪ ನಿಜ ಜೀವನಕ್ಕೆ ಹತ್ರ ಇರೋ ಹಂಗೆ ಬರೀರಿ.’ ಅದಕ್ಕೆ ಕೆಳಗೆ ಸುಮಾರು ಜನ ಹೌದು ಹೌದು ಅಂದಿದ್ರು. ಸಿಂಹ ಘರ್ಜಿಸಿದಾಗ ಇವರೆಲ್ಲ ಎಲ್ಲಿ ಹೋಗಿದ್ರು?

ನಂಗೆ ಉರಿದುಹೋಯ್ತು. ಆದ್ರೆ ಬೈಯೋಕೂ ಬಾಯಿಲ್ಲ. ಇಷ್ಟು ದಿನ ಅವಳಿಗೆ ಇಂಥದ್ದೇ ಹೇಳಿದೋನು ನಾನು. “ಅಷ್ಟು ಸಿಟ್ಟಿದ್ರೆ ನಡೆದಿದ್ದು ನಡೆದ ಹಂಗೆ ನೀವೇ ಬರೀರಿ” ಅಂದ್ಲು ಲೀಲಾ. ಸರಿ ಅಂತ, ಫೋನಿಗೆ ಬಾಯಲ್ಲಿ ಹೇಳಿ ಇಷ್ಟು ಬರೆಸ್ದೆ. ಅವಳಿಗೆ ಕಳಿಸ್ದೆ. ಪೂರ್ತಿ ಓದಿ ಫೋನ್ ಮಾಡಿದ್ಲು.

“ಎಲ್ಲಾ ಸರಿ. ಮಲ್ಲಿಗೆ ಎಲ್ಲಿತ್ತು ಮಾರಾಯ್ರೇ? ನಿಮ್ಮ ಕೈಯಲ್ಲಿ ಇದ್ದಿದ್ದು ಖಾಲಿ ಪೆಟ್ರೋಲ್ ಬಾಟ್ಲಿ.”

“ಅಲ್ಲೊಂದು ಹೂವು ಇದ್ರೆ ಚೆನ್ನಾಗಿರುತ್ತೆ ಅನ್ನಿಸ್ತು” ಅಂದೆ.

“ಚೆನ್ನಾಗೇ ಇದೆ, ತೆಗೀಬೇಡಿ” ಅಂದ್ಲು. “ಸಾಯಂಕಾಲ ತಂದ್ಕೊಡಿ. ಸುಳ್ಳು ನಿಜ ಆಗುತ್ತೆ.”

ಈಗ ಹೂವಿನ ಅಂಗಡಿ ಮುಂದೆ ನಿಂತಿದೀನಿ. ಹಬ್ಬದ ಸೀಸನ್ನು, ಮಲ್ಲಿಗೆ ರೇಟ್ ಕೇಳಿ ತಲೆ ತಿರುಗ್ತು. ಒಂದು ಮೊಳ ಅಂತ ಬರೆದಿದ್ರೂ ಸಾಕಿತ್ತು.