ನಿದ್ದಿಗೆಟ್ಟ ಹುಳ

ಅರ್ಜುನಪ್ಪ ಎಣಿಸಿದಾಗ ಇಪ್ಪತ್ತು ಹುಳ ಕಡಿಮೆ ಬಂದವು. ಮತ್ತೆ ಎಣಿಸಿದ. ಎಂಬತ್ತೇ.

ಎಣಿಸು ಎಂದು ಯಾರೂ ಹೇಳಿರಲಿಲ್ಲ. ಬಹಳ ವರ್ಷ ಗೋವಾದಲ್ಲಿ ಗಾರೆ ಕೆಲಸ ಮಾಡಿ ಸವಡಿಗೆ ಮರಳಿದವನನ್ನು ಊರು ಮರೆತೇಬಿಟ್ಟಿತ್ತು. ಊರ ಹೊರಗೆ ಬಲೆ ಕಟ್ಟಿದ ಮನೆಯಲ್ಲಿ, ಮುಟ್ಟಿದರೆ ಮೈ ತುರಿಸುವ ಕಾಂಗ್ರೆಸ್ ಕಸವನ್ನು ತಿನ್ನುವ ಹುಳ ಕಾಯುವ ಕೆಲಸ ಸಿಕ್ಕಿತ್ತು. ದಿನವಿಡೀ ಅವನ ಮಾತಿಗೆ ಸಿಗುತ್ತಿದ್ದದ್ದು ಆ ನೂರು ಹುಳಗಳೇ.

"ಇವು ಮಣ್ಣಾಗ ಹೊಕ್ಕು ತಿಂಗಳಗಟ್ಟಲೆ ಮಲಗ್ತಿದ್ದುವ್ರಿ. ಜೀನ್ ತಿದ್ದಿ ಆ ನಿದ್ದಿ ತಗದೇವಿ" ಎಂದು ವಿಜ್ಞಾನಿ ಪುಷ್ಪಾವತಿ ಮೇಡಂ ತಿಳಿಸಿದ್ದರು.

ಮೇಡಂ ಫೋನು ಹತ್ತಲಿಲ್ಲ. ಆಡು ಮೇಯಿಸುತ್ತಿದ್ದ ಕಳಕವ್ವನ ಮುಂದೆ ಬಾಯಿಬಿಟ್ಟ.

"ಇಪ್ಪತ್ತು ಹುಳ ಓಡಿಹೋಗ್ಯಾವ ಯವ್ವಾ."

"ಅಯ್ಯ ನಮ್ಮಪ್ಪಾ! ಆ ನಿದ್ದಿಗೆಟ್ಟವೇನ?" ಕಳಕವ್ವ ಆಡುಗಳನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು.

ಅರ್ಧ ತಾಸಿನಲ್ಲಿ, ದಾರಿ ತಪ್ಪಿದ ದಿಬ್ಬಣದ ಹಾಗೆ ಊರೇ ಬಂತು. ಚಹಾದಂಗಡಿ ನಜೀರಸಾಬ ಮುಂದೆ ನಿಂತ. "ನಿದ್ದಿ ಇಲ್ಲಂದ್ರ ಹಗಲು ರಾತ್ರಿ ತಿಂತಾವ. ಇವತ್ತ ಕಸ, ನಾಳಿ ಹೆಸರಿನ ಬೆಳಿ, ನಾಡದ ನಾವು!"

"ಇಲ್ಲರಿ, ಕಸ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ" ಎಂದ ಅರ್ಜುನಪ್ಪ.

"ಹಂಗಾರ ಕಸಾನ ಇರಬಾರದು. ಉಪವಾಸ ಸಾಯ್ಲಿ. ಕೀಳ್ರಿ!"

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಲ್ಲರೂ ಸುತ್ತಲಿನ ಬದುಗಳಲ್ಲಿ ಬಗ್ಗಿದರು. ಕಿತ್ತರು, ಕೆರೆದುಕೊಂಡರು, ಒಬ್ಬರ ಬೆನ್ನು ಇನ್ನೊಬ್ಬರು ಕೆರೆದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕಳಕವ್ವ ಕರೆದಳು: "ತಮ್ಮಾ, ಇಲ್ಲೆ ಬಾ, ಕೂಡು."

ಅರ್ಜುನಪ್ಪ ಗೋವಾದ ಕತೆ ಹೇಳಿದ. ಜನ ನಕ್ಕರು, ಇನ್ನೊಂದು ಕೇಳಿದರು. ರೊಟ್ಟಿ ಮುರಿಯುತ್ತ, ಇನ್ನೂ ಹತ್ತು ಹುಳ ಓಡಿದ್ದರೆ ಚಲೋ ಇತ್ತು ಎಂದುಕೊಂಡ.

ಸಂಜೆ ಜೀಪು ಬಂತು. ಇಳಿದ ಮೇಡಂ ಬೋಳು ಬದುಗಳನ್ನು ನೋಡಿ ದಂಗಾದರು. "ಇಲ್ಲಿ ಕಸ ಏನಾತ್ರಿ?"

"ಓಡಿಹೋದ ಹುಳಕ್ಕ ಕೂಳ ಸಿಗಬಾರದಂತ ಕಿತ್ತೇವ್ರಿ" ಎಂದ ನಜೀರಸಾಬ ಹೆಮ್ಮೆಯಿಂದ.

"ಯಾವ ಹುಳ ಓಡಿದುವ್ರಿ? ಇಪ್ಪತ್ತು ನಾನ ನಿನ್ನೆ ಪರೀಕ್ಷಾಕ ಒಯ್ದೇನಿ. ಅರ್ಜುನಪ್ಪನವರು ನೀರಿಗೆ ಹೋಗಿದ್ರು." ಅವರು ಹಣೆ ಒತ್ತಿಕೊಂಡರು. "ಕಸಾನ ಇಲ್ಲಂದಮ್ಯಾಲ ಇಲ್ಲಿ ಪ್ರಯೋಗ ಎಲ್ಲೀದು? ಹುಳಾನ ಅಸೂಟಿ ಊರಿಗೆ ಒಯ್ತೇವಿ."

"ನಾನೂ ಬರ್ಲೇನ್ರಿ?" ಅರ್ಜುನಪ್ಪ ಕೇಳಿದ.

"ಅಲ್ಲೆ ಕಾಯಾಕ ಒಬ್ಬರು ಅದಾರ್ರಿ."

ಹುಳಗಳು ಜೀಪು ಹತ್ತಿದವು. ಜನ ಅರ್ಜುನಪ್ಪನನ್ನು ಬೈಯುತ್ತ, ಮೈ ಕೆರೆದುಕೊಳ್ಳುತ್ತ ಊರ ದಾರಿ ಹಿಡಿದರು. ಕಸದ ಒಂದಾದರೂ ಗಿಡ ಉಳಿದಿದ್ದರೆ, ಹುಳ ತಿರುಗಿ ತರ್ರಿ ಎಂದು ಮೇಡಂಗೆ ಫೋನು ಮಾಡಬಹುದೆಂದು ಅವನು ಬದುವಿನುದ್ದಕ್ಕೂ ಹುಡುಕಿದ.

ಊರವರು ಕೆಲಸ ಚೊಕ್ಕ ಮಾಡಿದ್ದರು.