ಬಿತ್ತೋ ಮಶೀನಿನ ಜಾಬರ್

ಕೆಲವರ ಹಣೆಯಲ್ಲಿ ಬ್ರಹ್ಮ ರಾಜಯೋಗ ಬರೆಯುತ್ತಾನೆ, ಕೆಲವರ ಹಣೆಯಲ್ಲಿ ಮಾಸ್ತರಿಕೆ. ನನ್ನ ಹಣೆಯಲ್ಲಿ ಒಂದು ಪಾನಾ ಬರೆದ, ಅದೂ ಯಾವ ನಟ್ಟಿಗೂ ಕೂಡದ ಪಾನಾ. ಹೀಗಾಗಿ ನಾನು ಕೈ ಹಾಕಿದ ಕಡೆಯಲ್ಲೆಲ್ಲ ಇಂಥವೇ ನಡೆಯುತ್ತವೆ. ಕೇಳಿದವರು ನಗುತ್ತಾರೆ, ನನಗೆ ಮಾತ್ರ ಈಗಲೂ ಅಳು ಬರುತ್ತದೆ.

ಎಂಬತ್ತರ ದಶಕದ ಮಾತು. ಇಚಲಕರಂಜಿಯ ಒಂದು ಮಗ್ಗದ ಶೆಡ್ಡಿನಲ್ಲಿ ನಾನು ಜಾಬರ್ ಆಗಿದ್ದೆ. ಜಾಬರ್ ಎಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡಿ, ಕೆಡದ ಮಗ್ಗವನ್ನು ಬೈದು ನಡೆಸುವವ. ಆಗ ಗಡಹಿಂಗ್ಲಜದ ಬೆಲ್ಲದ ಸಾವಕಾರರೊಬ್ಬರು ಹೊಲದಲ್ಲಿ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಕಟ್ಟಿ, ಸಸಿ ಬೆಳೆಸಿ ಮಾರಲು ಹೊರಟಿದ್ದರು. ಅದರೊಳಗೆ ಬೀಜ ಬಿತ್ತಲು ಒಂದು ಮಶೀನು ಮಾಡಿಸಿ, ಅದನ್ನು ನಡೆಸಲು ನನ್ನನ್ನು ಕರೆಸಿಕೊಂಡಿದ್ದರು. ಪಂಪು ಗಾಳಿ ಎಳೆಯುತ್ತದೆ, ಸಾಲಾಗಿರುವ ಟೊಳ್ಳು ಸೂಜಿಗಳ ತುದಿಗೆ ಒಂದೊಂದು ಬೀಜ ಅಂಟಿಕೊಳ್ಳುತ್ತದೆ, ಸೂಜಿ ಟ್ರೇದ ಮೇಲೆ ಬಂದಾಗ ಒಂದೊಂದು ಗುಣಿಗೆ ಒಂದೊಂದು ಬೀಜ ಬೀಳುತ್ತದೆ. ಹೈಬ್ರಿಡ್ ಟೊಮ್ಯಾಟೊ ಬೀಜ ಬಂಗಾರದಷ್ಟು ತುಟ್ಟಿ. ಗುಣಿಗೆ ಒಂದೇ ಬೀಳಬೇಕು ಎನ್ನುವುದಕ್ಕಾಗಿಯೇ ಇಷ್ಟೆಲ್ಲ ಸರ್ಕಸ್ಸು. ಇದಕ್ಕೆ ಆಟೋಮ್ಯಾಟಿಕ್ ಎಂದು ಹೆಸರು. ಹ್ಯಾಂಡಲ್ ತಿರುಗಿಸಬೇಕಾದವನು ನಾನು.

"ಸಂಕ್ರಾಂತಿಯೊಳಗ ರೈತರ ಕೈಯಾಗ ಸಸಿ ಇರಬೇಕು, ಗುಣಿಗೊಂದು. ಇಲ್ಲಂದ್ರ ಮಶೀನು ಗುಜರಿಗೆ, ನೀ ಇಚಲಕರಂಜಿಗೆ" ಎಂದರು ಸಾವಕಾರರು.

ಇಚಲಕರಂಜಿಗೆ ಹೋಗಲು ನನ್ನದೇನೂ ತಕರಾರಿರಲಿಲ್ಲ. ಆದರೆ ಶೆಡ್ಡಿನಲ್ಲಿ ನನ್ನ ಜಾಗಕ್ಕೆ ನನ್ನ ಹೆಂಡತಿಯ ತಮ್ಮ ಜಾಬರ್ ಆಗಿ ಸೇರಿಬಿಟ್ಟಿದ್ದ. ತಿರುಗಿ ಹೋದರೆ ಅವನ ಕೈಕೆಳಗೆ ಎಣ್ಣೆ ಡಬ್ಬಿ ಹಿಡಿಯಬೇಕು. ಹೆಂಡತಿಯ ತಮ್ಮನ ಕೈಕೆಳಗೆ ದುಡಿಯುವುದಕ್ಕಿಂತ ಪಂಚಗಂಗೆಯ ಮಹಾಪೂರ ಲೇಸು.

ಚಿತ್ರದಲ್ಲಿದ್ದ ಚಕ್ರ

ಮಶೀನು ಮಾಡಿದವ ಕೊಲ್ಲಾಪುರದ ಒಬ್ಬ ಮಿಸ್ತ್ರಿ. ಸಾವಕಾರರಿಗೆ ಎಲ್ಲಿಯೋ ಸಿಕ್ಕ ಪರದೇಶದ ಮಶೀನಿನ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಮಾಡಿದ್ದ. ನಾನು ಹೋಗಿ ನೋಡಿದರೆ ಮಶೀನಿಗೆ ಮುಂದಿನ ಮಗ್ಗುಲು ಮಾತ್ರ ಇತ್ತು.

"ಹಿಂದಿನ ಮಗ್ಗಲಾ ಎಲ್ರಿ?" ಎಂದೆ.

"ಫೋಟೋದಾಗ ಹಿಂದಿನ ಮಗ್ಗಲಾ ಇಲ್ಲಲ್ಲ. ಕಾಣಲಾರದ್ದು ಹೆಂಗ ಮಾಡ್ಲಿ?" ಎಂದ ಮಿಸ್ತ್ರಿ. ಆಮೇಲೆ ಮರಾಠಿಯಲ್ಲಿ "ಕಾಳಜಿ ಕರೂ ನಕಾ" ಎಂದು ನನಗೆ ಧೈರ್ಯ ಹೇಳಿದ. ಕಾಳಜಿ ಮಾಡಬೇಡಿ ಎಂದು ಯಾರಾದರೂ ಹೇಳಿದರೆ ನನಗೆ ಅಲ್ಲಿಂದಲೇ ಕಾಳಜಿ ಶುರುವಾಗುತ್ತದೆ.

ಹಿಂದಿನ ಮಗ್ಗುಲನ್ನು ಹಳೆಯ ಮಗ್ಗದ ಸಾಮಾನಿನಲ್ಲಿ ನಾನೇ ಕೂಡಿಸಿದೆ. ಆದರೆ ಮುಂದೆ ಒಂದು ಬೀಡು ಕಬ್ಬಿಣದ ಚಕ್ರವಿತ್ತು, ಗಾಡಿಯ ಗಾಲಿಯಷ್ಟು ದೊಡ್ಡದು. ಅದು ಯಾವುದಕ್ಕೂ ಜೋಡಿಸಿರಲಿಲ್ಲ, ತಿರುಗುತ್ತಲೂ ಇರಲಿಲ್ಲ. ಏನೆಂದು ತಿಳಿಯದ ಹೆದರಿಕೆಯಲ್ಲಿ ದಿನಾ ಮೊದಲು ಅದಕ್ಕೇ ಎಣ್ಣೆ ಬಿಡುತ್ತಿದ್ದೆ. ಕಡೆಗೆ ಒಂದು ದಿನ ಸಾವಕಾರರಿಂದ ಚಿತ್ರ ಇಸಕೊಂಡು ನೋಡಿದೆ. ಚಕ್ರ ಇತ್ತು, ಸುಳ್ಳಲ್ಲ. ಬೆರಳಿಗೆ ಉಗುಳು ಹಚ್ಚಿ ಒರೆಸಿದೆ. ಅರ್ಧ ಚಕ್ರ ಬೆರಳಿಗೆ ಬಂತು. ಯಾರೋ ಚಿತ್ರದ ಮೇಲೆ ಚಹಾದ ಕಪ್ಪು ಇಟ್ಟಿದ್ದರು, ಅದರ ದುಂಡನೆಯ ಕಲೆ!

ಕುಣಿಯುತ್ತ ಹೋಗಿ ಚಕ್ರ ಬಿಚ್ಚಿ ಪಂಪು ಚಾಲೂ ಮಾಡಿದೆ. ಭಾರ ತಪ್ಪಿದ ಮಶೀನು ಗಡಗಡ ನಡುಗುತ್ತ ಬಾಗಿಲ ಕಡೆಗೆ ನಡೆಯತೊಡಗಿತು. ಅದನ್ನು ತಬ್ಬಿ ಹಿಡಿದು, ಚಕ್ರ ತಿರುಗಿ ಹಚ್ಚುವಷ್ಟರಲ್ಲಿ ನನ್ನ ಧೋತರ ಅರ್ಧ ಹರಿದಿತ್ತು.

ಸಾವಕಾರರು ನೋಡಿ, "ಪರದೇಶದವರು ಸುಮ್ನ ಇಟ್ಟಿರ್ತಾರೇನೋ ಹುಚ್ಚಪ್ಪಾ?" ಎಂದರು.

ವಿಭೂತಿ

ಸಾವಕಾರರ ತಾಯಿಗೆ ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಮನೆಯ ಕೀಲಿಕೈ ಗೊಂಚಲು ಅವರ ಸೊಂಟದಲ್ಲಿ, ಮನೆಯವರೆಲ್ಲ ಅವರ ಮುಷ್ಟಿಯಲ್ಲಿ. ಚಳಿಗಾಲಕ್ಕೆ ಅವರ ಮೊಣಕಾಲು ಹಿಡಿಯುತ್ತಿದ್ದವು. ಪ್ಲಾಸ್ಟಿಕ್ ಮನೆ ಬೆಚ್ಚಗಿರುತ್ತದೆ ಎಂದು ದಿನಾ ಸಂಜೆ ಒಳಗೆ ಬಂದು ಟ್ರೇಗಳ ನಡುವೆ ಮಣೆ ಹಾಕಿಕೊಂಡು ಕೂಡುತ್ತಿದ್ದರು. ಕಾಲಿಗೆ ಕಾವು, ನಮಗೂ ಒಂದು ಕಾವಲು ಎಂದುಕೊಂಡಿದ್ದೆ.

ಬಿತ್ತನೆಗೆ ಹೋಗುವ ಕೂರಿಗೆಗೆ ಪೂಜೆ ಮಾಡದೆ ಹೊಲಕ್ಕೆ ಒಯ್ಯುವುದುಂಟೇ? ದೊಡ್ಡವ್ವನ ಲೆಕ್ಕಕ್ಕೆ ಈ ಮಶೀನೂ ಒಂದು ಕೂರಿಗೆ. ಬೆಳಿಗ್ಗೆ ಬಂದು ಒಂದೊಂದು ಸೂಜಿಗೂ ಒದ್ದೆ ವಿಭೂತಿ ಬಳಿದು ಹೋದರು. ವಿಭೂತಿ ಒಣಗಿ ಸೂಜಿಯ ತೂತುಗಳೆಲ್ಲ ಮುಚ್ಚಿದವು. ಪಂಪು ಉಬ್ಬಸದವರ ಹಾಗೆ ಏದುಸಿರು ಬಿಟ್ಟಿತೇ ಹೊರತು ಒಂದು ಬೀಜ ಎತ್ತಲಿಲ್ಲ. ಟಾಚಣಿ, ಅಂದರೆ ಗುಂಡುಸೂಜಿ, ಹಾಕಿ ತೂತು ಬಿಡಿಸುವುದರಲ್ಲಿ ನನ್ನ ಹಗಲು ಮುಗಿಯಿತು. ಮರುದಿನ ಮತ್ತೆ ಪೂಜೆ, ಮತ್ತೆ ಟಾಚಣಿ.

ದೊಡ್ಡವ್ವಗೆ ಬೇಡ ಎನ್ನುವ ಧೈರ್ಯ ಸಾವಕಾರರಿಗೇ ಇರಲಿಲ್ಲ, ಇನ್ನು ನನ್ನದೇನು? ಒಂದು ಯುಕ್ತಿ ಹೂಡಿದೆ. ಸಾಲಿನ ಕೊನೆಗೆ ತೂತೇ ಇಲ್ಲದ ಗಟ್ಟಿ ಸೂಜಿ ಒಂದನ್ನು ಹಚ್ಚಿ, "ದೊಡ್ಡವ್ವಾ, ಇದು ಇವಕ್ಕೆಲ್ಲಾ ಹಿರೇ ಸೂಜಿ ರೀ. ಇದಕ್ಕೊಂದಕ್ಕ ಹಚ್ಚಿದ್ರ ಎಲ್ಲಾಕ್ಕೂ ಮುಟ್ಟತೈತ್ರಿ" ಎಂದೆ.

ದೊಡ್ಡವ್ವ ಅಂದು ಸುಮ್ಮನೆ ಕೂತು ಮಶೀನು ನಡೆಯುವುದನ್ನು ಪೂರಾ ನೋಡಿದರು. ಮರುದಿನ ಬಂದು ಹಿರೇ ಸೂಜಿಯೊಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ವಿಭೂತಿ ಬಳಿದರು.

"ಅದು ಮೈಗಳ್ಳ ಐತಿ, ಒಂದರ ಬೀಜಾ ಎತ್ತಲಿಲ್ಲ. ದುಡಿಯೋವಕ್ಕ ಹಚ್ಚಬೇಕಪಾ" ಎಂದರು.

ಗುಣಿಗೆ ಎರಡು

ಅಂತೂ ದುಡಿಯುವವಕ್ಕೇ ಹಚ್ಚುವುದಾದರೆ ದುಡಿದ ಮೇಲೆ ಹಚ್ಚಿರಿ ಎಂದು ದೊಡ್ಡವ್ವನ ಪೂಜೆಯನ್ನು ಕೆಲಸ ಮುಗಿದ ಮೇಲಕ್ಕೆ ದೂಡಿ, ಮೊದಲ ಟ್ರೇಗಳನ್ನು ಬಿತ್ತಿದೆ. ಸಸಿ ಎದ್ದವು. ನೋಡಿದರೆ ಪ್ರತಿ ಗುಣಿಯಲ್ಲೂ ಎರಡೆರಡು.

"ಏನ್ ಮಾಡಾಕತ್ತೀ ನೀ? ಬೀಜದ ಡಬ್ಬಿ ನೋಡು, ತಳಾ ಕಾಣಾಕತ್ತೈತಿ!" ಎಂದು ಸಾವಕಾರರು ಕೆಂಡವಾದರು.

ಗಾಳಿ ಹೆಚ್ಚಾಗಿರಬೇಕೆಂದು ಪಂಪಿನ ಎಳೆತ ಕಡಿಮೆ ಮಾಡಿದೆ. ಮತ್ತೆ ಎರಡು ಎದ್ದವು. ಸೂಜಿಯ ತೂತು ಸಣ್ಣದು ಮಾಡಿದೆ. ಮತ್ತೆ ಎರಡು. ಕಡೆಗೆ ಸಾವಕಾರರೇ ಚಷ್ಮಾ ಏರಿಸಿ, ಕುರ್ಚಿ ಹಾಕಿಕೊಂಡು ಪ್ರತಿ ಗುಣಿಯನ್ನೂ ಬಗ್ಗಿ ನೋಡಿದರು. ಬಿದ್ದದ್ದು ಒಂದೊಂದೇ. ಅವರ ಕಣ್ಣೆದುರಿಗೇ ಆಳುಗಳು ಮಣ್ಣು ಮುಚ್ಚಿದರು. ಎದ್ದದ್ದು ಎರಡೆರಡು.

ನನ್ನ ನಿದ್ದೆ ಹಾರಿಹೋಯಿತು, ಊಟ ಸೇರಲಿಲ್ಲ. ಮಗ್ಗದಲ್ಲಿ ಒಂದು ನೂಲು ಹಾಕಿದರೆ ಎರಡು ಬಂದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಸಾವಕಾರರು ಮಾತ್ರ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು: "ನಿನ್ನ ಮನ್ಯಾಗೂ ಅವಳಿ ಜವಳಿ ಅದಾವೇನೋ?"

ಇದ್ದವು. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಕುರಿಯವನ ನ್ಯಾಯ

ಎರಡಾದರೆ ಎರಡು, ಒಂದನ್ನು ಕಿತ್ತು ಉಳಿದದ್ದನ್ನು ಮಾರೋಣ ಎಂದು ಸಾವಕಾರರು ಸಮಾಧಾನ ಮಾಡಿಕೊಂಡರು. ಅಷ್ಟರಲ್ಲಿ ಪಕ್ಕದ ಹೊಲಕ್ಕೆ ಗೊಬ್ಬರ ಬೇಕಾಗಿ ಕುರಿ ತರುಬಲು ಹೇಳಿದರು. ಕುರಿ ತರುಬುವುದೆಂದರೆ ಹಿಂಡನ್ನು ಒಂದು ರಾತ್ರಿ ಹೊಲದಲ್ಲಿ ಕೂಡಿಸುವುದು. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು.

ಬೆಳಿಗ್ಗೆ ನಾನು ಪ್ಲಾಸ್ಟಿಕ್ ಮನೆಯ ಬಾಗಿಲು ತೆರೆದರೆ ಒಳಗಿನಿಂದ "ಬ್ಯಾ" ಎಂದು ಉತ್ತರ ಬಂತು. ಇಡೀ ಹಿಂಡು ಒಳಗೆ ಬೆಚ್ಚಗೆ ಮಲಗಿತ್ತು. ಟ್ರೇದಲ್ಲಿ ಒಂದೂ ಹಸಿರು ಉಳಿದಿರಲಿಲ್ಲ. ಒಂದು ಟಗರು ಮಶೀನಿನ ರಬ್ಬರ್ ನಳಿಕೆ ಮೆಲ್ಲುತ್ತ, ನೀನ್ಯಾರು ಎನ್ನುವ ಹಾಗೆ ನನ್ನನ್ನೇ ನೋಡಿತು.

ಕುರಿಯವ ಕಂಬಳಿ ಕೊಡವುತ್ತ ಎದ್ದು ಬಂದ. "ಭಾಳ ಚಲೋ ಹಟ್ಟಿ ಕಟ್ಟಿಸ್ಯಾರ್ರಿ ಸಾವಕಾರ್ರು. ತೋಳದ ಕಾಟಿಲ್ಲ, ಚಳಿ ಇಲ್ಲ. ಕುರಿಗೋಳಿಗೆ ಮೇವು ಸೈತ ಇಟ್ಟಾರ. ಇಂಥಾ ಪುಣ್ಯಾತ್ಮರನ್ನ ನಾ ಎಲ್ಲೂ ನೋಡಿಲ್ಲ!"

ಸಾವಕಾರರು ಬಡಿಗೆ ಹಿಡಿದು ಓಡಿ ಬಂದರು. ದೊಡ್ಡವ್ವ ಅಡ್ಡ ಬಂದು, ಪುಣ್ಯಾತ್ಮ ಅಂದವರನ್ನ ಹೊಡೀಬಾರದು ಎಂದು ಅವನಿಗೆ ಕಾಳನ್ನೂ ಕೊಡಿಸಿ, ಮೇಲೆ ಒಂದು ಬೆಲ್ಲದ ಪೆಂಟೆಯನ್ನೂ ಕೊಡಿಸಿದರು.

ಗಾಳಿ ತಿರುಗಿತು

ಸಂಕ್ರಾಂತಿ ಹತ್ತಿರ ಬಂತು. ಇನ್ನೊಂದು ಸಲ ಬಿತ್ತುವಷ್ಟು ಮಾತ್ರ ವೇಳೆ ಇತ್ತು. ಸಾವಕಾರರು ಈ ಸಲ ಗಿರಾಕಿಗಳನ್ನೇ ಕರೆಸಿ, ಅವರೆದುರಿಗೇ ಬಿತ್ತುವುದೆಂದು ಠರಾವು ಮಾಡಿದರು. ಹಲಕರ್ಣಿ ಕಡೆಯ ರೈತರು ಬಂದರು. ಕುರುಂದವಾಡದಿಂದ ಒಬ್ಬ ದೊಡ್ಡ ತೋಟದವರು ಬಂದರು. ಯಾರೂ ಕರೆಯದಿದ್ದರೂ ನನ್ನ ಹೆಂಡತಿಯ ತಮ್ಮನೂ ಮೋಟಾರ್‌ಸೈಕಲ್ ಏರಿ ಬಂದ.

ಅಂದೇ ಮುಂಜಾನೆ ಲೈನ್‌ಮನ್ ಕಂಬ ಹತ್ತಿ ಏನೋ ರಿಪೇರಿ ಮಾಡಿ ಹೋಗಿದ್ದ. ತಂತಿ ಅದಲು ಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ನನಗೆ ಅದು ಗೊತ್ತಾದದ್ದು ಪಂಪು ಚಾಲೂ ಮಾಡಿದ ಮೇಲೆ. ಗಾಳಿ ಎಳೆಯಬೇಕಾದ ಸೂಜಿಗಳು ಗಾಳಿ ಊದಿದವು. ತಟ್ಟೆಯಲ್ಲಿದ್ದ ಬಂಗಾರದಂಥ ಬೀಜವೆಲ್ಲ ಮೇಲೆದ್ದು, ಹಲಕರ್ಣಿಯವರ ತಲೆಯ ಪಟಗಾದ ಮೇಲೆ, ಚುರಮುರಿ ತಾಟಿನಲ್ಲಿ, ಕುರುಂದವಾಡದವರ ದಪ್ಪ ಮೀಸೆಯಲ್ಲಿ ಬಿತ್ತನೆಯಾಯಿತು. ನಾನು ಗಾಬರಿಯಲ್ಲಿ ಹ್ಯಾಂಡಲ್ ಬಿಡಲೂ ಇಲ್ಲ, ತಿರುಗಿಸುತ್ತಲೇ ಇದ್ದೆ. ಆಳುಗಳು ರೂಢಿಯ ಪ್ರಕಾರ ಖಾಲಿ ಟ್ರೇಗಳಿಗೆ ಮಣ್ಣು ಮುಚ್ಚಿ ಒಳಗೆ ಇಟ್ಟರು. ಅಷ್ಟರಲ್ಲಿ ಕರೆಂಟೂ ಹೋಯಿತು.

ಗಿರಾಕಿಗಳು ಹೋದ ಮೇಲೆ ಸಾವಕಾರರ ಕಾಲು ಹಿಡಿದೆ. "ಟ್ರೇದಾಗ ಒಂದರ ಬೀಜಾ ಬಿದ್ದಿಲ್ರಿ. ಮತ್ತೊಮ್ಮೆ ಬಿತ್ತತೇನ್ರಿ."

"ಬಿದ್ದಿದ್ದರ ಮ್ಯಾಲೆ ಮತ್ತ ಬಿತ್ತಿ ಈಗ ನಾಕ್ ನಾಕ್ ಎಬ್ಬಸ್ತಿ ಏನು? ಡಬ್ಬಿ ಮುಟ್ಟಬ್ಯಾಡ!" ಎಂದು, ಉಳಿದ ಬೀಜದ ಡಬ್ಬಿಯನ್ನು ದೊಡ್ಡವ್ವನ ಕಪಾಟಿನಲ್ಲಿ ಇಡಿಸಿದರು.

ಹೆಂಡತಿಯ ತಮ್ಮ ಮೋಟಾರ್‌ಸೈಕಲ್ಲಿಗೆ ಕಿಕ್ ಹೊಡೆಯುತ್ತ, "ಮಾಮಾ, ಕಾಳಜಿ ಮಾಡಬ್ಯಾಡ್ರಿ. ಎಣ್ಣಿ ಡಬ್ಬಿ ತಿಕ್ಕಿ ಬೆಳ್ಳಗ ಮಾಡಿಟ್ಟೇನಿ" ಎಂದ.

ಒಂದೇ ಒಂದು

ಸಸಿ ಒಯ್ಯುವ ದಿನ ಗಿರಾಕಿಗಳು ಮತ್ತೆ ಬಂದರು. ಅವರೆದುರಿಗೇ ಪರದೆ ಎತ್ತುವುದೆಂದು, ಅಲ್ಲಿಯವರೆಗೆ ದೊಡ್ಡವ್ವ ಮತ್ತು ನೀರು ಹಾಕುವ ಆಳುಗಳನ್ನು ಬಿಟ್ಟು ಯಾರನ್ನೂ ಸಾವಕಾರರು ಒಳಗೆ ಬಿಟ್ಟಿರಲಿಲ್ಲ. ನಾನು ಬಟ್ಟೆ ಗಂಟು ಕಟ್ಟಿ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದಿದ್ದೆ. ಸಾವಕಾರರು ಪರದೆ ಎತ್ತಿದರು. ನಾನು ಕಣ್ಣು ಮುಚ್ಚಿದೆ.

ಯಾರೂ ಬೈಯಲಿಲ್ಲ. ಕಣ್ಣು ಬಿಟ್ಟರೆ ಟ್ರೇಗಳೆಲ್ಲ ಹಸಿರೋ ಹಸಿರು. ಗುಣಿಗೊಂದು ಸಸಿ, ಗೆರೆ ಕೊರೆದ ಹಾಗೆ.

"ಒಂದಽ ಒಂದು! ಕಡೀಕೂ ಒಂದು!" ಎಂದು ಸಾವಕಾರರು ನನ್ನನ್ನು ಗಿರಾಕಿಗಳ ಮುಂದೆಯೇ ಅಪ್ಪಿಕೊಂಡರು. ನನಗೆ ಸಂತೋಷವಾಗುವ ಬದಲು ಹೆದರಿಕೆಯಾಯಿತು. ಹಾಕದ ಬೀಜ ಎದ್ದರೆ ಅದು ಭೂತಚೇಷ್ಟೆ, ಇನ್ನೇನು?

ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ದೊಡ್ಡವ್ವ ಮಣೆಯ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕರೆದು ಕೇಳಿದರು: "ಏ ಜಾಬರ್, ನನ್ನವಷ್ಟ ಎದ್ದಾವ. ನಿನ್ನವು ಎಲ್ಲಿ ಹೋದ್ವೋ?"

"ನಿಮ್ಮವು ಅಂದ್ರ ಯಾವುರಿ ದೊಡ್ಡವ್ವಾ?"

"ಒಂಟಿ ಬೀಜಾ ಭೂಮಿಗೆ ಹಾಕಬಾರದಪಾ, ಅದಕ್ಕ ಜೋಡಿ ಬೇಕು. ನಿನ್ನ ಮಶೀನಿಗೆ ಅದೇನ್ ತಿಳೀತೈತಿ, ಪಾಪ. ಅದಕ್ಕಽ ನೀ ಬಿತ್ತಿದ ದಿನ ಸಂಜಿಮುಂದ ಇಲ್ಲೆ ಕುಂತು, ಡಬ್ಬ್ಯಾಗಿನ ಬೀಜಾ ತಗೊಂಡು ಗುಣಿಗೊಂದು ಚುಚ್ಚತೇನಿ."

"ಅಯ್ಯ, ಒಂದ್ ಮಾತು ಹೇಳಬಾರದೇನ್ರಿ? ನಿಮ್ಮ ಮಗಾ ನನ್ನ ಜೀವಾ ಹಿಂಡಿಬಿಟ್ರಲ್ರಿ!"

"ಬಿತ್ತೂದಕ್ಕ ಯಾರನ್ನ ಕೇಳಬೇಕೋ? ನಾ ಬಿತ್ತಾಕತ್ತಾಗ ನೀನೂ ಹುಟ್ಟಿರಲಿಲ್ಲ, ನಿನ್ನ ಮಶೀನೂ ಹುಟ್ಟಿರಲಿಲ್ಲ" ಎಂದರು.

ನಾನು ಓಡಿ ಹೋಗಿ ಸಾವಕಾರರನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಅವರು ಒಮ್ಮೆ ತಾಯಿಯ ಕಡೆ, ಒಮ್ಮೆ ಮಶೀನಿನ ಕಡೆ ನೋಡಿ, ಬೆವರು ಒರೆಸಿಕೊಂಡರು.

"ಅವ್ವಗ ಬ್ಯಾಡ ಅನ್ನೋ ಗಂಡಸು ನಮ್ಮ ಮನ್ಯಾಗ ಇನ್ನೂ ಹುಟ್ಟಿಲ್ಲ. ನೀ ಒಂದ್ ಕೆಲಸಾ ಮಾಡು. ಮಶೀನಿಗೆ ಬೀಜಾ ಹಾಕೂದು ಬಿಟ್ಟುಬಿಡು."

ಹಾಗೆ ನನ್ನ ನೌಕರಿ ಪಕ್ಕಾ ಆಯಿತು. ಅಂದಿನಿಂದ ದಿನಾ ಮುಂಜಾನೆ ಚಕ್ರಕ್ಕೆ ಎಣ್ಣೆ ಬಿಟ್ಟು, ಸೂಜಿಗೆ ವಿಭೂತಿ ಹಚ್ಚಿಸಿಕೊಂಡು, ಹ್ಯಾಂಡಲ್ ತಿರುಗಿಸಿ, ಪ್ರತಿ ಗುಣಿಗೂ ತಪ್ಪದೆ ಏನೂ ಹಾಕದೆ ಬರುತ್ತಿದ್ದೆ. ಇಪ್ಪತ್ತು ವರ್ಷ ಮಗ್ಗ ನಡೆಸಿ ಕಲಿತ ವಿದ್ಯೆ ಈ ಗತಿಗೆ ಬಂತಲ್ಲ ಎಂದು ಎಷ್ಟೋ ಸಲ ಒಬ್ಬನೇ ಕೂತು ಅತ್ತಿದ್ದೇನೆ. ಹೆಂಡತಿಯ ತಮ್ಮನ ಎಣ್ಣೆ ಡಬ್ಬಿ ನೆನಪಾದರೆ ಮಾತ್ರ ಅಳು ತಾನೇ ನಿಲ್ಲುತ್ತಿತ್ತು.

ಅಂದು ಗಿರಾಕಿಗಳೆಲ್ಲ ಸಸಿ ಹೇರಿಕೊಂಡು ಹೋದ ಮೇಲೆ ಕುರುಂದವಾಡದವರು ಮಾತ್ರ ನಿಂತರು. ನನ್ನ ಎರಡೂ ಕೈ ಹಿಡಿದು, "ನಮಗೂ ಇಂಥಾದ್ದಽ ಒಂದು ಮಶೀನು ಬೇಕ್ರಿ. ಹೆಂಗೈತಿ ಹಂಗ, ಒಂದು ಗುಣಿ ತಪ್ಪಬಾರದು. ನಾವು ಏನೇನು ತಯಾರಿ ಮಾಡ್ಕೋಬೇಕು, ಹೇಳಿಬಿಡ್ರಿ" ಎಂದರು. ಅವರ ಮೀಸೆಯಲ್ಲಿ ಇನ್ನೂ ಒಂದು ಬೀಜವಿತ್ತು.

ನಾನು ಒಳಗೆ ಮಣೆಯ ಮೇಲೆ ಕೂತ ದೊಡ್ಡವ್ವನ ಕಡೆ ಒಮ್ಮೆ ನೋಡಿದೆ.

"ಮಶೀನು ಕೊಲ್ಲಾಪುರದಾಗ ಮಾಡಸೋಣ್ರಿ, ಚಕ್ರಾನೂ ಹಚ್ಚಸೋಣ್ರಿ, ಅದೇನ್ ದೊಡ್ಡ ಮಾತಲ್ಲ" ಎಂದೆ. "ಮದಲ ಒಂದ್ ಹೇಳ್ರಿ. ನಿಮ್ಮ ಅವ್ವಾರಿಗೆ ಮೊಣಕಾಲು ನೋಯತಾವೇನ್ರಿ?"